ಅಂಚೆಯಲ್ಲೇ ಬೆಳೆದ ಗಣಿತ ಸಂಘ

ಸಂಘ ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಉದ್ಘಾಟನೆಯ ದಿನ ವೇದಿಕೆಯ ತುಂಬ ಜನ. ಮರುವರ್ಷ ಚಂದಾ ಕೇಳಲು ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ! ಅಂಥದ್ದರಲ್ಲಿ, ಸ್ವಂತ ಕಟ್ಟಡವಿಲ್ಲದೆ, ಸಂಬಳ ಪಡೆಯುವ ಪದಾಧಿಕಾರಿಗಳಿಲ್ಲದೆ, ಸದಸ್ಯರು ಒಬ್ಬರ ಮುಖ ಒಬ್ಬರು ನೋಡುವ ಅವಕಾಶವೂ ಅಪರೂಪವಾಗಿದ್ದ ಕಾಲದಲ್ಲಿ ಶುರುವಾದ ಒಂದು ಸಂಘ ನೂರು ವರ್ಷ ದಾಟಿ ಇಂದಿಗೂ ನಡೆಯುತ್ತಿದೆಯೆಂದರೆ ನಂಬುವಿರಾ? ಅದೂ ಎಂಥ ಸಂಘ? ಹೆಸರು ಕೇಳಿದರೇ ಅನೇಕ ವಿದ್ಯಾರ್ಥಿಗಳಿಗೆ ಬೆವರು ಬರುವ ಗಣಿತದ ಸಂಘ.

ಅದೇ ಭಾರತೀಯ ಗಣಿತ ಸಂಘ, ಅಂದರೆ ‘ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ’. ಅದು ಹುಟ್ಟಿದ್ದು ಕಲ್ಕತ್ತೆಯಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. ನಮ್ಮ ಬಳ್ಳಾರಿಗೆ ಅಷ್ಟೇನೂ ದೂರವಲ್ಲದ ಗುತ್ತಿ ಎಂಬ ಊರಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿತ್ತು.

ಡೆಪ್ಯುಟಿ ಕಲೆಕ್ಟರರ ಕಾಗದ

1906ರ ಕೊನೆಯ ದಿನಗಳು. ವಿ. ರಾಮಸ್ವಾಮಿ ಅಯ್ಯರ್ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರ್. ಹಗಲೆಲ್ಲ ಕಂದಾಯದ ಕಡತ, ಬಿಡುವಾದರೆ ರೇಖಾಗಣಿತ. ವಿದ್ಯಾರ್ಥಿಯಾಗಿದ್ದಾಗಲೇ ಲಂಡನ್ನಿನ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಗೆ ಗಣಿತದ ಬರಹ ಕಳಿಸುತ್ತಿದ್ದವರು ಅವರು. ಬರಹ ನೋಡಿದ ಅಲ್ಲಿನವರು ಇವರು ಯಾರೋ ಕಾಲೇಜಿನ ಪ್ರೊಫೆಸರ್ ಇರಬೇಕೆಂದು ಭಾವಿಸಿ ಹಾಗೆಯೇ ಸಂಬೋಧಿಸಿದರಂತೆ. ಕಾಲೇಜಿನಲ್ಲಿ ಕಲಿಯುತ್ತಿದ್ದ ಹುಡುಗನಿಗೆ ‘ಪ್ರೊಫೆಸರ್’ ಎಂಬ ಅಡ್ಡಹೆಸರು ಅಂಟಿಕೊಂಡಿತು!

ಅವರಿಗೆ ಒಂದು ಕೊರತೆ ಕಾಡುತ್ತಿತ್ತು. ಯೂರೋಪಿನಲ್ಲಿ ಗಣಿತ ದಿನದಿನಕ್ಕೆ ಬೆಳೆಯುತ್ತಿದೆ. ಆದರೆ ಅಲ್ಲಿನ ಪುಸ್ತಕ, ಪತ್ರಿಕೆಗಳು ಇಲ್ಲಿ ಸಿಕ್ಕುವುದಿಲ್ಲ. ಒಬ್ಬೊಬ್ಬರೇ ತರಿಸಿಕೊಳ್ಳಲು ಹೋದರೆ ಕಿಸೆ ಖಾಲಿ. ಹತ್ತು ಜನ ಸೇರಿ ತರಿಸಿದರೆ? ರಾಮಸ್ವಾಮಿ ಅಯ್ಯರ್ ಗಣಿತಾಸಕ್ತ ಮಿತ್ರರಿಗೆಲ್ಲ ಒಂದು ಕಾಗದ ಬರೆದರು. ಅದರ ಸಾರ ಇಷ್ಟೆ: ಸಣ್ಣದೊಂದು ಸಂಘ ಮಾಡೋಣ, ವರ್ಷಕ್ಕೆ 25 ರೂಪಾಯಿ ಚಂದಾ ಹಾಕೋಣ, ಮುಖ್ಯ ಪತ್ರಿಕೆ, ಪುಸ್ತಕಗಳನ್ನು ತರಿಸಿ ಅಂಚೆಯ ಮೂಲಕ ಸದಸ್ಯರಿಗೆ ಕಳಿಸೋಣ, ಓದಿದವರು ಗೊತ್ತುಮಾಡಿದ ಅವಧಿಯಲ್ಲಿ ಹಿಂದಿರುಗಿಸಲಿ.

1907ರ ಏಪ್ರಿಲ್‌ನಲ್ಲಿ ಸಂಘ ಸ್ಥಾಪನೆಯಾಯಿತು. ಮೊದಲ ಹೆಸರು ‘ಅನಲಿಟಿಕ್ ಕ್ಲಬ್’. ಬೇಗನೆ ಅದು ‘ಇಂಡಿಯನ್ ಮ್ಯಾಥಮ್ಯಾಟಿಕಲ್ ಕ್ಲಬ್’ ಆಯಿತು. 1910ರ ಹೊತ್ತಿಗೆ ‘ಸೊಸೈಟಿ’ ಎಂಬ ಈಗಿನ ಹೆಸರು ಬಂತು. 25 ರೂಪಾಯಿ ಎಂದರೆ ಆಗ ಸಣ್ಣ ಮೊತ್ತವಲ್ಲ, ಸರ್ಕಾರಿ ಗುಮಾಸ್ತನೊಬ್ಬನ ಸುಮಾರು ಒಂದು ತಿಂಗಳ ಸಂಬಳ. ಇಂದು ಸಂಘ ಕಟ್ಟುವವರು ಗಮನಿಸಬೇಕಾದ ಮೊದಲ ಸಂಗತಿ ಇಲ್ಲಿದೆ. ಚಂದಾ ಕೊಟ್ಟವರಿಗೆ ಬದಲಿಗೆ ಏನು ಸಿಗುತ್ತದೆ ಎಂಬುದು ಮೊದಲ ಕಾಗದದಲ್ಲೇ ಸ್ಪಷ್ಟವಾಗಿತ್ತು.

ಊರಿಗೊಬ್ಬ ಪದಾಧಿಕಾರಿ

ಈ ಸಂಘದ ವ್ಯವಹಾರ ನಡೆಯುತ್ತಿದ್ದ ರೀತಿ ಸ್ವಾರಸ್ಯವಾದದ್ದು. ಪುಸ್ತಕ ಭಂಡಾರ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅದರ ಹೊಣೆ, ಕೇಂಬ್ರಿಜ್‌ನಲ್ಲಿ 1899ರಲ್ಲಿ ಸೀನಿಯರ್ ರ್‍ಯಾಂಗ್ಲರ್ ಆಗಿ ಹೆಸರು ಮಾಡಿದ್ದ ಆರ್.ಪಿ. ಪರಾಂಜಪೆ ಅವರದು. ಅಧ್ಯಕ್ಷರಾದ ಬಿ. ಹನುಮಂತರಾವ್ ಮದ್ರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಸ್ಥಾಪಕರು ಸರ್ಕಾರ ವರ್ಗ ಮಾಡಿದ ಕಡೆ. 1909ರಲ್ಲಿ ಶುರುವಾದ ಸಂಘದ ಪತ್ರಿಕೆಯ ಸಂಪಾದಕರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ದೂರವಾಣಿ ಅಪರೂಪದ ಕಾಲ. ಇವರೆಲ್ಲರನ್ನೂ ಹಿಡಿದಿಟ್ಟದ್ದು ಅಂಚೆ ಮತ್ತು ರೈಲು. ಯಾರಿಗೂ ಇದು ಹೊಟ್ಟೆಪಾಡಿನ ಕೆಲಸವಲ್ಲ. ಪಾಠ ಮುಗಿಸಿ, ಕಚೇರಿ ಮುಗಿಸಿ, ರಾತ್ರಿ ದೀಪದ ಬೆಳಕಿನಲ್ಲಿ ಮಾಡುವ ಕೆಲಸ.

ಬೆಂಗಳೂರಿನ ಆ ಸಂಪಾದಕರ ಹೆಸರು ಎಂ.ಟಿ. ನಾರಾಯಣ ಅಯ್ಯಂಗಾರ್. ಅಂದಿನ ಪತ್ರಿಕೆಗಳಲ್ಲಿ ‘ನರಣಿಯೆಂಗಾರ್’ ಎಂದೇ ಅಚ್ಚಾಗುತ್ತಿತ್ತು. ಅವರು ಸ್ವತಃ ಒಳ್ಳೆಯ ಗಣಿತಜ್ಞರು. ಯಾವುದೇ ತ್ರಿಭುಜವನ್ನು ತೆಗೆದುಕೊಂಡು ಅದರ ಮೂರೂ ಕೋನಗಳನ್ನು ಮೂರು ಮೂರು ಸಮಭಾಗ ಮಾಡಿ. ಪ್ರತಿಯೊಂದು ಬಾಹುವಿಗೂ ಹತ್ತಿರದ ಎರಡು ರೇಖೆಗಳು ಸೇರುವ ಬಿಂದುವನ್ನು ಗುರುತಿಸಿ. ಹೀಗೆ ದೊರೆಯುವ ಮೂರು ಬಿಂದುಗಳನ್ನು ಸೇರಿಸಿದರೆ ಯಾವಾಗಲೂ ಸಮಬಾಹು ತ್ರಿಭುಜವೇ ಬರುತ್ತದೆ! ಫ್ರಾಂಕ್ ಮಾರ್ಲೆ 1899ರಲ್ಲಿ ಕಂಡುಕೊಂಡ ಈ ಸುಂದರ ಪ್ರಮೇಯಕ್ಕೆ 1909ರಲ್ಲೇ ಸರಳವಾದ ಸಾಧನೆ ಕೊಟ್ಟವರಲ್ಲಿ ಅಯ್ಯಂಗಾರರು ಒಬ್ಬರು. ರೇಖಾಗಣಿತದ ಹೆಸರಾಂತ ಪುಸ್ತಕಗಳು ಇಂದಿಗೂ ಅವರ ಹೆಸರು ಹೇಳುತ್ತವೆ.

ಕದ ತಟ್ಟಿದ ನಿರುದ್ಯೋಗಿ

ಈಗ 1910ಕ್ಕೆ ಬರೋಣ. ರಾಮಸ್ವಾಮಿ ಅಯ್ಯರ್ ಆಗ ತಮಿಳುನಾಡಿನ ತಿರುಕ್ಕೋಯಿಲೂರಿನಲ್ಲಿದ್ದರು. ಒಂದು ದಿನ 22ರ ಯುವಕನೊಬ್ಬ ಬಂದು ನಿಂತ. ಎಫ್.ಎ. ಪರೀಕ್ಷೆ ಪಾಸಾಗಿಲ್ಲ. ಮದುವೆಯಾಗಿದೆ, ಕೆಲಸವಿಲ್ಲ. ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತಿಕೆ ಕೊಡಿಸಬೇಕೆಂದು ಕೇಳಿಕೊಂಡ. ಅರ್ಹತೆಯ ಪತ್ರ ಎನ್ನಲು ಅವನ ಕೈಯಲ್ಲಿದ್ದದ್ದು ಗಣಿತ ಬರೆದ ನೋಟ್‌ಬುಕ್ಕುಗಳು ಮಾತ್ರ.

ಬೇರೆ ಯಾವ ಅಧಿಕಾರಿಯಾಗಿದ್ದರೂ ‘ನೋಡೋಣಪ್ಪಾ’ ಎಂದು ಸಾಗಹಾಕುತ್ತಿದ್ದರೇನೋ. ರಾಮಸ್ವಾಮಿ ಅಯ್ಯರ್ ನೋಟ್‌ಬುಕ್ ತೆರೆದು ನೋಡಿದರು, ಬೆರಗಾದರು. ಇಂಥ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಉಸಿರುಗಟ್ಟಿಸಬಾರದೆಂದು ನಿರ್ಧರಿಸಿದರು. ಕೆಲಸ ಕೊಡಲಿಲ್ಲ, ಮದ್ರಾಸಿನ ಗಣಿತದ ಗೆಳೆಯರಿಗೆ ಪರಿಚಯ ಮಾಡಿಕೊಟ್ಟರು. ಆ ಯುವಕನೇ ಶ್ರೀನಿವಾಸ ರಾಮಾನುಜನ್!

ಮುಂದೆ ನಡೆದದ್ದನ್ನು ಗಮನಿಸಿ. ಪ್ರೊ. ಪಿ.ವಿ. ಶೇಷು ಅಯ್ಯರ್ ರಾಮಾನುಜನ್‌ರ ಪ್ರಶ್ನೆಗಳನ್ನು ಸಂಘದ ಪತ್ರಿಕೆಗೆ ತಲುಪಿಸಿದರು. ನೆಲ್ಲೂರಿನ ಕಲೆಕ್ಟರರಾಗಿದ್ದ, ಮುಂದೆ ಸಂಘದ ಅಧ್ಯಕ್ಷರೂ ಆದ ಆರ್. ರಾಮಚಂದ್ರರಾವ್ ತಿಂಗಳಿಗೆ 25 ರೂಪಾಯಿಯಂತೆ ತಮ್ಮ ಕೈಯಿಂದ ಕೊಟ್ಟು ಕೆಲಕಾಲ ಸಾಕಿದರು. 1912ರ ಮಾರ್ಚ್‌ನಲ್ಲಿ ಮದ್ರಾಸ್ ಬಂದರು ಮಂಡಳಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತ ಕೆಲಸ ಸಿಕ್ಕಿತು. ಅಲ್ಲಿ ಮೇಲಧಿಕಾರಿಯಾಗಿದ್ದವರು ಎಸ್. ನಾರಾಯಣ ಅಯ್ಯರ್, ಮುಂದೆ ಅನೇಕ ವರ್ಷ ಇದೇ ಸಂಘದ ಖಜಾಂಚಿಯಾಗಿದ್ದವರು. ಸಂಜೆಯ ನಂತರ ಇಬ್ಬರೂ ಸ್ಲೇಟು ಹಿಡಿದು ಕೂತು ಗಣಿತ ಮಾಡುತ್ತಿದ್ದರು. 1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಜ್‌ನ ಹಾರ್ಡಿ ಅವರಿಗೆ ಪತ್ರ ಬರೆದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಪತ್ರಕ್ಕೆ ಮೊದಲಿನ ಮೂರು ವರ್ಷ ಅವರನ್ನು ಹಸಿವಿನಿಂದಲೂ ಅಜ್ಞಾತವಾಸದಿಂದಲೂ ಕಾಪಾಡಿದ್ದು, ಪುಸ್ತಕ ಹಂಚಿಕೊಳ್ಳಲೆಂದು ಸೇರಿದ್ದ ಈ ಸಣ್ಣ ಬಳಗ.

ಪ್ರಶ್ನೆ ಸಂಖ್ಯೆ 289

ಸಂಘದ ಪತ್ರಿಕೆಯಲ್ಲಿ ‘ಪ್ರಶ್ನೆಗಳು ಮತ್ತು ಉತ್ತರಗಳು’ ವಿಭಾಗವಿತ್ತು. ಯಾರು ಬೇಕಾದರೂ ಸಮಸ್ಯೆ ಒಡ್ಡಬಹುದು, ಯಾರು ಬೇಕಾದರೂ ಬಿಡಿಸಬಹುದು. ಪದವಿ ಕೇಳುವವರಿಲ್ಲ. 1911ರಲ್ಲಿ ಅಲ್ಲಿ ರಾಮಾನುಜನ್‌ರ ಒಂದು ಪ್ರಶ್ನೆ ಅಚ್ಚಾಯಿತು. ಇದರ ಬೆಲೆ ಎಷ್ಟು?

√(1 + 2√(1 + 3√(1 + 4√(1 + ...))))

ಕೊನೆಯೇ ಇಲ್ಲದ ವರ್ಗಮೂಲಗಳ ಸರಪಳಿ! ಮೂರು ಸಂಚಿಕೆ, ಆರು ತಿಂಗಳು ಕಳೆದರೂ ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ರಾಮಾನುಜನ್‌ರೇ ತಿಳಿಸಿದರು: ಉತ್ತರ 3.

ಹೇಗೆ? ಹೈಸ್ಕೂಲು ವಿದ್ಯಾರ್ಥಿಯೂ ಎಳೆ ಹಿಡಿಯಬಹುದು. 3 ಎಂದರೆ √9. 9 ಎಂದರೆ 1 + 2×4. ಆ 4 ಎಂದರೆ √16, ಅಂದರೆ √(1 + 3×5). ಆ 5 ಎಂದರೆ √25, ಅಂದರೆ √(1 + 4×6). ಹೀಗೆ ಇಳಿಯುತ್ತಾ ಹೋದರೆ ಸರಪಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಂಬಿಕೆ ಬಾರದಿದ್ದರೆ ಕ್ಯಾಲ್ಕುಲೇಟರ್ ಹಿಡಿಯಿರಿ. 4ರವರೆಗೆ ಮಾತ್ರ ತೆಗೆದುಕೊಂಡು ಲೆಕ್ಕ ಹಾಕಿದರೆ ಸುಮಾರು 2.560, 5ರವರೆಗೆ ಹೋದರೆ 2.755, 6ರವರೆಗೆ 2.867. ಮೆಲ್ಲಮೆಲ್ಲನೆ 3ರ ಕಡೆಗೇ ನಡೆಯುತ್ತಿದೆ!

ಅದೇ ವರ್ಷ ಬರ್ನೂಲಿ ಸಂಖ್ಯೆಗಳನ್ನು ಕುರಿತ ರಾಮಾನುಜನ್‌ರ ಮೊದಲ ದೊಡ್ಡ ಪ್ರಬಂಧವೂ ಬಂತು. ಅದನ್ನು ಅಚ್ಚಿಗೆ ಕೊಡುವುದು ಸುಲಭವಾಗಿರಲಿಲ್ಲ. ರಾಮಾನುಜನ್‌ರ ಬರವಣಿಗೆ ತೀರ ಅಡಕ, ನಡುವಿನ ಮೆಟ್ಟಿಲುಗಳೇ ಮಾಯ. ಸಾಮಾನ್ಯ ಓದುಗರಿಗೆ ಅರ್ಥವಾಗುವ ಹಾಗಿರಲಿಲ್ಲ. ಬೆಂಗಳೂರಿನ ಸಂಪಾದಕರು ಹಸ್ತಪ್ರತಿಯನ್ನು ತಿದ್ದಿ ಸ್ಪಷ್ಟಪಡಿಸುವಂತೆ ಹಿಂದಕ್ಕೆ ಕಳಿಸಿದರು. ಒಂದು ಸಲವಲ್ಲ, ಹಲವು ಸಲ. ‘ಅರ್ಥವಾಗಲಿಲ್ಲ’ ಎಂದು ಕಸದ ಬುಟ್ಟಿಗೆ ಹಾಕಿದ್ದರೆ ಕೇಳುವವರಿರಲಿಲ್ಲ. ಇದ್ದ ಹಾಗೇ ಅಚ್ಚು ಮಾಡಿದ್ದರೆ ಓದುವವರಿರಲಿಲ್ಲ. ಸಂಬಳವಿಲ್ಲದ ಸಂಪಾದಕರೊಬ್ಬರು ಎರಡೂ ಸುಲಭದ ದಾರಿಗಳನ್ನು ಬಿಟ್ಟು ಕಷ್ಟದ ಮೂರನೆಯ ದಾರಿ ಹಿಡಿದರು.

ನಿಂತುಹೋದದ್ದೂ ಉಂಟು

ಎಲ್ಲ ಪ್ರಯತ್ನಗಳಿಗೂ ಇಂಥ ಆಯುಸ್ಸು ಸಿಗುವುದಿಲ್ಲ. ಅದೇ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಕನ್ನಡದಲ್ಲಿ ವಿಜ್ಞಾನ ಬರೆಯಲು ಪದಗಳನ್ನೇ ಹೊಸದಾಗಿ ಹುಡುಕಬೇಕಿದ್ದ ಕಾಲ. ಉತ್ಸಾಹಕ್ಕೆ ಕೊರತೆ ಇರಲಿಲ್ಲ, ಬರಹಗಳೂ ಚೆನ್ನಾಗಿದ್ದವು. ಆದರೂ ಎರಡು ವರ್ಷಗಳ ಆಸುಪಾಸಿನಲ್ಲಿ ಪತ್ರಿಕೆ ನಿಂತಿತು. ಅದು ಸೋಲಲ್ಲ, ಮುಂದಿನವರಿಗೆ ದಾರಿ ಮಾಡಿಕೊಟ್ಟಿತು. ಆದರೆ ಪತ್ರಿಕೆ ಹೊರಡಿಸುವುದೇ ಬೇರೆ, ಪ್ರತಿ ತಿಂಗಳೂ ಹೊರಡಿಸುತ್ತಲೇ ಇರುವುದೇ ಬೇರೆ ಎಂಬುದನ್ನು ಅದು ನೆನಪಿಸುತ್ತದೆ.

ಶಾಲೆಯಲ್ಲೊಂದು ಸಂಘ ಕಟ್ಟುವಿರಾ?

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಗಣಿತ ಸಂಘವನ್ನೋ ವಿಜ್ಞಾನ ಸಂಘವನ್ನೋ ಮಾಡಬೇಕೆಂದು ಹಲವು ವಿದ್ಯಾರ್ಥಿಗಳಿಗೆ ಆಸೆ ಇರುತ್ತದೆ. ದೊಡ್ಡವರು ಸೇರಿ ಸಂಘವನ್ನು ನೋಂದಾಯಿಸಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಕನಿಷ್ಠ 7 ಜನ ಬೇಕು. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು ಲೆಕ್ಕಪತ್ರ ಒಪ್ಪಿಸಬೇಕು. ಶಾಲೆಯ ಒಳಗಿನ ಸಂಘಕ್ಕೆ ನೋಂದಣಿಯ ಗೊಡವೆಯಿಲ್ಲ. ಆದರೂ ಮೂರು ಪುಸ್ತಕಗಳಿರಲಿ: ಸದಸ್ಯರ ಪಟ್ಟಿ, ಸಭೆಯ ನಡವಳಿ, ಜಮಾ-ಖರ್ಚು. ಹಣ ವಸೂಲು ಮಾಡುವವನೂ ಖರ್ಚಿಗೆ ಒಪ್ಪಿಗೆ ಕೊಡುವವನೂ ಒಬ್ಬನೇ ಆಗದಿರಲಿ. ಐದು ರೂಪಾಯಿಗೂ ರಸೀದಿ ಇರಲಿ. ಇದು ಅಪನಂಬಿಕೆಯಲ್ಲ, ಲೆಕ್ಕ ಇಟ್ಟವನಿಗೇ ಅದು ರಕ್ಷಣೆ.

ಹತ್ತನೆಯ ತರಗತಿಯ ಕಾರ್ಯದರ್ಶಿ ಪರೀಕ್ಷೆ ಬರೆದು ಹೊರಟುಹೋದ ಮೇಲೆ ಮುಂದೇನು? ಹೆಚ್ಚಿನ ಸಂಘಗಳು ಮುಗ್ಗರಿಸುವುದು ಇಲ್ಲೇ. ಅದಕ್ಕೇ ಒಂಬತ್ತನೆಯವನೊಬ್ಬ ಸಹಕಾರ್ಯದರ್ಶಿಯಾಗಿ ವರ್ಷವಿಡೀ ಜೊತೆಗಿದ್ದು ಕೆಲಸ ಕಲಿಯಲಿ. ಮುಖ್ಯವಾಗಿ, ಒಂದು ಪ್ರಶ್ನೆಪೆಟ್ಟಿಗೆ ಇಡಿ. ಅದರಲ್ಲಿ ಬಿದ್ದ ಪ್ರತಿ ಚೀಟಿಗೂ ಉತ್ತರ ಸಿಗಲಿ. ತಂದೆತಾಯಿಯರೂ ಇದನ್ನು ಓದು ಕೆಡಿಸುವ ಕೆಲಸವೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗನ ನೋಟ್‌ಬುಕ್ಕನ್ನು ತೆರೆದು ನೋಡುವ ವ್ಯವಧಾನ ಒಂದು ಸಂಘದಲ್ಲಿ ಇದ್ದುದರಿಂದಲೇ ದೇಶಕ್ಕೆ ರಾಮಾನುಜನ್ ದಕ್ಕಿದರು.

ಉತ್ತರಕ್ಕೆ ಕಾದ ಪ್ರಶ್ನೆ

ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಒಡ್ಡಿದ ಸಮಸ್ಯೆಗಳು ಐವತ್ತಕ್ಕೂ ಹೆಚ್ಚು. ಅವುಗಳಲ್ಲಿ 1913ರದ್ದೊಂದು ಹೀಗಿದೆ. 2ನ್ನು 2ರಿಂದಲೇ ಗುಣಿಸುತ್ತಾ ಹೋಗಿ. ಬಂದ ಸಂಖ್ಯೆಯಿಂದ 7 ಕಳೆಯಿರಿ. ಉಳಿದದ್ದು ಪೂರ್ಣವರ್ಗ ಆಗುವುದು ಯಾವಾಗ? 8ರಿಂದ 7 ಕಳೆದರೆ 1. 16ರಿಂದ ಕಳೆದರೆ 9. 32ರಿಂದ 25. 128ರಿಂದ 121. ಆಮೇಲೆ ದೊಡ್ಡ ಜಿಗಿತ: 32,768ರಿಂದ ಕಳೆದರೆ 32,761, ಅದು 181ರ ವರ್ಗ. ಇನ್ನೂ ಬೇರೆ ಉಂಟೇ? ಈ ಐದೇ ಎಂದು ನಾರ್ವೆಯ ಗಣಿತಜ್ಞ ನಾಗೆಲ್ ಸಾಧಿಸಿ ತೋರಿಸಿದ್ದು 1948ರಲ್ಲಿ. ರಾಮಾನುಜನ್ ತೀರಿಕೊಂಡು ಆಗಲೇ 28 ವರ್ಷವಾಗಿತ್ತು. ಇಂದು ಆ ಸಮೀಕರಣಕ್ಕೆ ಇಬ್ಬರ ಹೆಸರೂ ಸೇರಿದೆ.

ಒಬ್ಬರು ಪ್ರಶ್ನೆ ಕೇಳಿದರು, 35 ವರ್ಷಗಳ ಮೇಲೆ ಇನ್ನೊಂದು ದೇಶದಲ್ಲಿ ಉತ್ತರ ಸಿಕ್ಕಿತು. ನಡುವೆ ಆ ಪ್ರಶ್ನೆಯನ್ನು ಅಕ್ಷರ ತಪ್ಪದಂತೆ ಕರಡಚ್ಚು ತಿದ್ದಿ, ಅಚ್ಚು ಹಾಕಿಸಿ, ಅಂಚೆಗೆ ಹಾಕಿ, ಒಂದು ಪ್ರತಿಯನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟ ಕೈಗಳಿದ್ದವು. ಆ ಕೈಗಳ ಹೆಸರನ್ನು ಯಾವ ಸಮೀಕರಣಕ್ಕೂ ಇಟ್ಟಿಲ್ಲ.