ಹದಿನೆಂಟರ ಮೇಲೆ ಯಾವ ಸುತ್ತು?

ಪ್ರಥಮ ಪಿಯುಸಿಯ ಅಸಮತೆಗಳ ಅಧ್ಯಾಯದಲ್ಲಿ ಲೆಕ್ಕ ಬಿಡಿಸುವುದು ಬೇಗ ಕೈಗೆ ಹತ್ತುತ್ತದೆ. ಅಂಕ ಹೋಗುವುದು ಸಂಖ್ಯಾರೇಖೆ ಎಳೆಯುವಾಗ. ಸಿಂಧನೂರು, ಮಸ್ಕಿ ಸೀಮೆಯ ಮಕ್ಕಳು ಅಭ್ಯಾಸಕ್ಕೆ ಭತ್ತದ ರಾಶಿಯಿಂದಲೇ ಶುರುಮಾಡಬಹುದು.

ತಪ್ಪು ಕಲ್ಪನೆ: ಗೆರೆಯ ಗಡಿಬಿಂದುವಿನ ಮೇಲೆ ಹಾಕುವ ಸುತ್ತನ್ನು ಖಾಲಿ ಬಿಟ್ಟರೂ ತುಂಬಿದರೂ ನಡೆಯುತ್ತದೆ.

ವಾಸ್ತವ: ಬೆಂಬಲ ಬೆಲೆಗೆ ಮಾರುವ ಭತ್ತದ ತೇವಾಂಶ ಶೇ 17 ಮೀರುವಂತಿಲ್ಲ. ಯಂತ್ರ ಸರಿಯಾಗಿ 17 ತೋರಿಸಿದರೆ ಅಡ್ಡಿಯಿಲ್ಲ, 17.1 ಎಂದರೆ ಮತ್ತೆ ಬಿಸಿಲಿಗೆ ಹರವಬೇಕು. ತೇವಾಂಶವನ್ನು ‘ತೇ’ ಎನ್ನೋಣ: ತೇ ≤ 17. ಇಲ್ಲಿ 17 ಕೂಡ ಉತ್ತರವೇ, ಆದ್ದರಿಂದ ಸುತ್ತು ತುಂಬಿರಬೇಕು. ಗೆರೆ ಎಡಕ್ಕೆ ಹೋಗಲಿ, ಸೊನ್ನೆ ದಾಟದಿರಲಿ. ಸೊನ್ನೆಗಿಂತ ಕಡಿಮೆ ತೇವಾಂಶದ ಭತ್ತವನ್ನು ಯಾರೂ ಬೆಳೆದಿಲ್ಲ.

ತಪ್ಪು ಕಲ್ಪನೆ: 18ಕ್ಕಿಂತ ಕಡಿಮೆ ಎಂದರೆ 17ರವರೆಗೆ.

ವಾಸ್ತವ: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ 18 ತುಂಬದ ಹುಡುಗಿ ಮಗು. 17 ವರ್ಷ 11 ತಿಂಗಳಾದವಳೂ ಮಗುವೇ. ‘ಇನ್ನೊಂದು ತಿಂಗಳು ತಾನೇ’ ಎನ್ನುವ ಹಿರಿಯರ ಮಾತು ನಡೆಯದು. ಹಾಗಾಗಿ ಗೆರೆಯನ್ನು 17ಕ್ಕೆ ನಿಲ್ಲಿಸದೆ 18ರ ಅಂಚಿನವರೆಗೂ ಎಳೆದು, ಅಲ್ಲಿ ಖಾಲಿ ಸುತ್ತು ಹಾಕಬೇಕು. ಮತದಾನಕ್ಕಾದರೋ ವಯಸ್ಸು ≥ 18: ಅದೇ ಬಿಂದುವಿನಲ್ಲಿ ತುಂಬಿದ ಸುತ್ತು, ಬಾಣ ಬಲಕ್ಕೆ. (1989ರವರೆಗೆ ಈ ಸುತ್ತು 21ರ ಮೇಲಿತ್ತು.) ಎರಡೂ ರೇಖೆಗಳನ್ನು ಒಂದರ ಕೆಳಗೊಂದು ಎಳೆದು ನೋಡಿ. ನಡುವೆ ಸಂದಿಯಿಲ್ಲ, ಯಾವ ವಯಸ್ಸೂ ಎರಡು ಕಡೆ ಬೀಳುವುದಿಲ್ಲ. ಆದರೆ ಇಡಿಯಾಗಿಯೇ ಎಣಿಸುವ ಭತ್ತದ ಚೀಲಗಳಿಗೆ ಗೆರೆ ಬೇಡ, ಪೂರ್ಣಸಂಖ್ಯೆಗಳ ಮೇಲೆ ಚುಕ್ಕೆ ಸಾಕು.

ತಪ್ಪು ಕಲ್ಪನೆ: ಚಿಹ್ನೆಯ ಚೂಪು ಎತ್ತಲೋ ಬಾಣವೂ ಅತ್ತಲೇ.

ವಾಸ್ತವ: 3 < ಕ್ಷ ಎಂಬಲ್ಲಿ ಚೂಪು ಎಡಕ್ಕಿದೆ, ಉತ್ತರ ಬಲಕ್ಕಿದೆ. ಕ್ಷ > 3 ಎಂದು ತಿರುಗಿಸಿ ಬರೆದುಕೊಂಡರೆ ಗೊಂದಲವಿಲ್ಲ.

ತಪ್ಪು ಕಲ್ಪನೆ: ಋಣ ಚಿಹ್ನೆ ಕಂಡಲ್ಲೆಲ್ಲ ಅಸಮತೆ ತಿರುಗುತ್ತದೆ.

ವಾಸ್ತವ: 2ಕ್ಷ < −6 ಎಂಬುದನ್ನು ಧನಸಂಖ್ಯೆ 2ರಿಂದ ಭಾಗಿಸುತ್ತೇವೆ, ಕ್ಷ < −3, ಚಿಹ್ನೆ ಇದ್ದಂತೆಯೇ ಇರುತ್ತದೆ. −2ಕ್ಷ < 6 ಬಂದಾಗ ಭಾಗಿಸುವುದು −2ರಿಂದ. ಆಗ ಕ್ಷ > −3. ಕಾರಣ ರೇಖೆಯಲ್ಲೇ ಇದೆ. 2 ಎಂಬುದು 5ರ ಎಡಕ್ಕಿದೆ. ಎರಡನ್ನೂ −1ರಿಂದ ಗುಣಿಸಿದರೆ −2 ಬರುವುದು −5ರ ಬಲಕ್ಕೆ. ಸೊನ್ನೆಯ ಆಚೆಗೆ ಹೋದೊಡನೆ ಎಡಬಲ ಅದಲುಬದಲು. ಇಷ್ಟು ಹೇಳದೆ ‘ಚಿಹ್ನೆ ತಿರುಗಿಸು’ ಎಂದು ಬಾಯಿಪಾಠ ಮಾಡಿಸುವುದರಿಂದಲೇ ಈ ತಪ್ಪು ಮಕ್ಕಳನ್ನು ಬಿಡದು. ಅನುಮಾನ ಬಂದರೆ ಕ್ಷ ಜಾಗದಲ್ಲಿ 0 ಇಟ್ಟು ನೋಡಿ: −2 × 0 = 0, ಅದು 6ಕ್ಕಿಂತ ಕಡಿಮೆ. ಅಂದಮೇಲೆ ಗೆರೆ ಎಳೆದ ಭಾಗದೊಳಗೆ 0 ಇರಲೇಬೇಕು. ಕ್ಷ < −3 ಎಂದು ಬರೆದವರ ರೇಖೆಯಲ್ಲಿ ಅದು ಹೊರಗುಳಿದಿರುತ್ತದೆ.

ತಪ್ಪು ಕಲ್ಪನೆ: ‘ಕ್ಷ < −1 ಅಥವಾ ಕ್ಷ > 4’ ಎಂಬುದನ್ನು 4 < ಕ್ಷ < −1 ಎಂದು ಚಿಕ್ಕದಾಗಿ ಬರೆಯಬಹುದು.

ವಾಸ್ತವ: ಹಾಗೆ ಬರೆದರೆ 4 ಎಂಬುದು −1ಕ್ಕಿಂತ ಚಿಕ್ಕದು ಎಂದಂತಾಯಿತು. ಎರಡೂ ತುಂಡುಗಳನ್ನು ಬೇರೆಬೇರೆಯಾಗಿಯೇ ಎಳೆದು, ನಡುವಿನ ಜಾಗ ಖಾಲಿ ಬಿಡಿ.