ಇಂಗ್ಲಿಷ್ ವಾಕ್ಯಕ್ಕೊಂದು ಸುಲಭ ಸೂತ್ರ

ಮಗಳ ಸ್ಕೂಲಿನಲ್ಲಿ ಟೀಚರ್ ಇಂಗ್ಲಿಷಿನಲ್ಲಿ ಏನೋ ಕೇಳ್ತಾರೆ. ಪದಗಳೆಲ್ಲ ನಿಮಗೆ ಗೊತ್ತು, ವಾಕ್ಯ ಮಾತ್ರ ಬಾಯಿಗೆ ಬರೋದಿಲ್ಲ. 'ಅಯ್ಯೋ, ತಪ್ಪಾದ್ರೆ?' ಅಂತ ಸುಮ್ಮನಾಗ್ತೀರಿ. ಮಗಳ ಬಗ್ಗೆ ಕೇಳಬೇಕಿದ್ದ ಮಾತು ಮನಸ್ಸಿನಲ್ಲೇ ಉಳಿಯುತ್ತದೆ. ಚಿಂತೆ ಬೇಡ, ತೊಡಕಿರುವುದು ಪದಗಳ ಜಾಗದಲ್ಲಿ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ: 'ಅವಳು ಹಾಲು ಕುಡೀತಾಳೆ.' ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ: 'ಶಿ ಡ್ರಿಂಕ್ಸ್ ಮಿಲ್ಕ್.' ಯಾರು, ಏನು ಮಾಡ್ತಾರೆ, ಏನನ್ನು, ಎಲ್ಲಿ, ಯಾವಾಗ? ಈ ಸಾಲು ನೆನಪಿಡಿ: 'ಶಿ ಡ್ರಿಂಕ್ಸ್ ಮಿಲ್ಕ್ ಅಟ್ ಹೋಮ್ ಎವೆರಿ ಮಾರ್ನಿಂಗ್.'

'ಲತಾ ಗೀತಾಳನ್ನು ಕರೆದಳು', 'ಗೀತಾಳನ್ನು ಲತಾ ಕರೆದಳು' ಎರಡೂ ಒಂದೇ. ನಮ್ಮಲ್ಲಿ 'ಅನ್ನು' ಪ್ರತ್ಯಯ ಅರ್ಥ ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಪದ ಕೂತ ಜಾಗದ್ದು. 'ಲತಾ ಕಾಲ್ಡ್ ಗೀತಾ' ಎಂಬುದರಲ್ಲಿ ಹೆಸರು ಅದಲುಬದಲಾದರೆ ಕರೆದವಳೇ ಬೇರೆ!

'ನಾಳೆ ಬರ್ತೀನಿ' ಅಂದರೆ ನಮಗೆ ಸಾಕು. ಇಂಗ್ಲಿಷಿಗೆ 'ಐ' ಬೇಕೇ ಬೇಕು: 'ಐ ವಿಲ್ ಕಮ್ ಟುಮಾರೊ.' ಪ್ರಶ್ನೆ ಕೇಳೋದಾದರೆ 'ಈಸ್' ಮುಂದಕ್ಕೆ ತನ್ನಿ. 'ಶಿ ಈಸ್ ವೀಕ್ ಇನ್ ಮ್ಯಾಥ್ಸ್' ಎಂಬುದು 'ಈಸ್ ಶಿ ವೀಕ್ ಇನ್ ಮ್ಯಾಥ್ಸ್?' ಎಂದಾಗುತ್ತದೆ.

ದಿನಕ್ಕೆ ಐದೇ ವಾಕ್ಯ ಸಾಕು. ಈರುಳ್ಳಿ ಹೆಚ್ಚುತ್ತಲೇ ಜೋರಾಗಿ ಹೇಳಿ: 'ಐ ಆಮ್ ಕಟಿಂಗ್ ಆನಿಯನ್ಸ್.' ತಪ್ಪಾದರೆ ನಗೋರು ನಿಮ್ಮ ಮಕ್ಕಳೇ ತಾನೇ? ಅವರೇ ತಿದ್ದಲಿ ಬಿಡಿ!