ಡಿಕ್ಕಿ ಬಾಗಿಲು ಬದಲಿಸುವಾಗ ಧೂಳಿಗೆ ದಾರಿ ಬಿಡದಿರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ರಸ್ತೆಗಳಲ್ಲಿ ಸಿಮೆಂಟ್ ಮತ್ತು ಹಾಸುಗಲ್ಲು ಸಾಗಿಸುವ ಲಾರಿಗಳ ಸಂಚಾರ ಹೆಚ್ಚು. ಸುಣ್ಣಕಲ್ಲಿನ ಈ ನೆಲದಲ್ಲಿ ಧೂಳಿಗೂ ಬರವಿಲ್ಲ. ಹಿಂದಿನಿಂದ ವಾಹನ ತಾಗಿದರೆ ಕಾರಿನ ಬಂಪರ್ ಜೊತೆಗೆ ಡಿಕ್ಕಿಯ ಬಾಗಿಲೂ ನಜ್ಜುಗುಜ್ಜಾಗುತ್ತದೆ. ಅದನ್ನು ಬದಲಿಸುವುದು ಕಷ್ಟದ ಕೆಲಸವಲ್ಲ. ಸರಿಯಾಗಿ ಕೂರಿಸುವುದೇ ನಿಜವಾದ ಕೆಲಸ.

ಚಲಿಸುವ ಕಾರಿನ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ಹೀಗಾಗಿ ಚಕ್ರಗಳು ಎಬ್ಬಿಸಿದ ಧೂಳು ಹಾಗೂ ಸೈಲೆನ್ಸರ್ ಹೊಗೆ ಅಲ್ಲಿಯೇ ಸುತ್ತುತ್ತವೆ. ಬಾಗಿಲಿನ ಅಂಚಿನಲ್ಲಿ ಸಂದು ಉಳಿದರೆ ಇವು ಒಳಗೆ ನುಗ್ಗಬಹುದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಪಾಯಕಾರಿ.

ಬಿಚ್ಚುವ ಮುನ್ನ

ವಿಮೆ ಪಡೆಯುವುದಿದ್ದರೆ ಮೊದಲು ಕಂಪನಿಗೆ ತಿಳಿಸಿ, ಸರ್ವೇಯರ್ ನೋಡುವವರೆಗೆ ಕೆಲಸ ಆರಂಭಿಸಬಾರದು. ಸಾಮಾನ್ಯ ಪಾಲಿಸಿಯಲ್ಲಿ 5ರಿಂದ 10 ವರ್ಷ ಹಳೆಯ ಕಾರಿನ ಲೋಹದ ಭಾಗಗಳಿಗೆ ಶೇ 40, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಡಿತವಾಗುತ್ತದೆ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಒಳಹೊದಿಕೆಯ ಕ್ಲಿಪ್ ತೆಗೆದು, ನಂಬರ್ ಪ್ಲೇಟ್ ದೀಪ, ಲಾಕ್, ಕ್ಯಾಮೆರಾಗಳ ತಂತಿಗಳನ್ನು ಬಿಡಿಸಬೇಕು. ತಂತಿ ಎಳೆಯುವ ಮೊದಲು ಅದರ ತುದಿಗೆ ದಾರ ಕಟ್ಟಿ ಎಳೆದರೆ ದಾರ ಹಳೆಯ ಬಾಗಿಲೊಳಗೆ ಉಳಿಯುತ್ತದೆ; ತಂತಿ ಸಾಗಿದ್ದ ದಾರಿಯನ್ನು ಅದು ತೋರಿಸುತ್ತದೆ.

ಹಿಂಜ್ ಬಾಗಿಲಿಗೆ ಕೂಡುವಲ್ಲಿ ಅದರ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿ ಅಳತೆ ಬರೆದಿಟ್ಟುಕೊಳ್ಳಬೇಕು. ಹಿಂಬದಿಯ ಗಾಜು ಮತ್ತು ಬಾಡಿಯ ಅಂಚಿಗೆ ದಪ್ಪ ಬಟ್ಟೆ ಹಾಸಿ, ಇಬ್ಬರು ಎರಡೂ ಬದಿ ಹಿಡಿದಿರುವಾಗ ಬೋಲ್ಟ್ ಬಿಚ್ಚಬೇಕು. ಕೆಲವು ಕಾರುಗಳಲ್ಲಿ ಬಾಗಿಲು ಎತ್ತಲು ತಿರುಚಿದ ಉಕ್ಕಿನ ಸರಳುಗಳಿರುತ್ತವೆ. ಅವನ್ನು ಮುಟ್ಟಬಾರದು, ಒಮ್ಮೆಲೇ ಚಿಮ್ಮಿ ಕೈಗೆ, ಮುಖಕ್ಕೆ ಪೆಟ್ಟಾಗಬಹುದು.

ಕೂರಿಸುವ ಕ್ರಮ

ಹೊಸ ಅಥವಾ ಗುಜರಿಯಿಂದ ತಂದ ಬಾಗಿಲಿಗೆ ಒಳ ಅಂಚುಗಳ ಸಮೇತ ಬಣ್ಣ ಹಚ್ಚಿದ ನಂತರವೇ ಜೋಡಿಸಬೇಕು. ಹಳೆಯ ಲಾಕ್ ಸಿಲಿಂಡರ್ ಹಾಕಿಕೊಂಡರೆ ಅದೇ ಕೀಲಿ ಬಳಸಬಹುದು. ಬೋಲ್ಟುಗಳನ್ನು ಸಡಿಲವಾಗಿಟ್ಟು ನಿಧಾನವಾಗಿ ಮುಚ್ಚಿ, ಎರಡೂ ಬದಿಯ ಸಂದು ಸಮನಾಗಿದೆಯೇ, ಬಾಗಿಲು ಬಾಡಿಯ ಮಟ್ಟಕ್ಕಿದೆಯೇ ಎಂದು ನೋಡಬೇಕು. ಹಿಂಜ್ ಸರಿಪಡಿಸಿದ ಮೇಲೆ ಲಾಕ್ ಸಿಲುಕುವ ಕೊಂಡಿಯನ್ನು ಹೊಂದಿಸಿ, ಕೊನೆಗೆ ಎಲ್ಲವನ್ನೂ ಬಿಗಿಗೊಳಿಸಬೇಕು.

ಪರೀಕ್ಷೆ ಸುಲಭ. ರಬ್ಬರ್ ಪಟ್ಟಿಯ ಮೇಲೆ ಕಾಗದದ ತುಂಡಿಟ್ಟು ಮುಚ್ಚಿ ಎಳೆಯಬೇಕು. ಸಲೀಸಾಗಿ ಬಂದರೆ ಅಲ್ಲಿ ಬಿಗಿತವಿಲ್ಲ. ಸುತ್ತಲೂ ಹೀಗೆ ನೋಡಿ, ಬಳಿಕ ನೀರು ಹೊಯ್ದು ಪರೀಕ್ಷಿಸಬೇಕು. ಗಟ್ಟಿಯಾದ ಅಥವಾ ಹರಿದ ರಬ್ಬರನ್ನು ಮತ್ತೆ ಬಳಸುವುದು ಸಲ್ಲದು.

ಎಚ್‌ಎಸ್‌ಆರ್‌ಪಿ ಫಲಕ ಡಿಕ್ಕಿ ಬಾಗಿಲ ಮೇಲಿದ್ದರೆ ಅದರ ಲಾಕ್ ಮುರಿಯದೆ ಬಿಡಿಸಲಾಗದು. ಮುರಿದದ್ದನ್ನು ಮತ್ತೆ ಬಳಸಲಾಗದ ಕಾರಣ ಅಧಿಕೃತ ಅಳವಡಿಕೆದಾರರಿಂದಲೇ ಹಾಕಿಸಬೇಕು. ಇಷ್ಟಾದ ಮೇಲೆ ಕಲ್ಲುಗಣಿಯ ದಾರಿಯಲ್ಲೊಮ್ಮೆ ಕಾರು ಓಡಿಸಿ ಡಿಕ್ಕಿ ತೆರೆದು ನೋಡಿ. ಒಳಗೆ ಬಿಳಿ ಧೂಳು ಕಾಣದಿದ್ದರೆ ಕೊಟ್ಟ ಕೂಲಿ ಸಾರ್ಥಕ.